ಮೂರು ಸಲ ಬೇಡ ಅನ್ನುವ ಕ್ರಮ

ವಿನಯವು ಸದ್ಗುಣಗಳಲ್ಲೆಲ್ಲ ಅತ್ಯಂತ ಮೌನವಾದದ್ದು. ಅದು ತನ್ನ ಇರವನ್ನು ಎಂದೂ ತಾನೇ ಸಾರಿಕೊಳ್ಳುವುದಿಲ್ಲ. ನಮ್ಮ ಸಭೆಯಲ್ಲಿ ಮಾತ್ರ ಅದಕ್ಕೆ ಮೈಕು ಕೊಡುತ್ತಿದ್ದರು.

ಸಭೆ ಎಂದರೆ ತುಮಕೂರು, ಗುಬ್ಬಿ, ಕುಣಿಗಲ್ ಈ ಮೂರು ಊರುಗಳಲ್ಲಿ ಹಂಚಿಹೋಗಿರುವ ನಮ್ಮ ಬ್ಯಾಪ್ಟಿಸ್ಟ್ ಸಭೆ. ಮೂರೂ ಕಡೆಯವರನ್ನು ಒಟ್ಟುಗೂಡಿಸಿದರೂ ಒಂದು ಸಣ್ಣ ಮದುವೆ ಛತ್ರ ತುಂಬುವುದಿಲ್ಲ. ಮೂರಕ್ಕೂ ಒಬ್ಬರೇ ಪಾಸ್ಟರು. ಭಾನುವಾರವೆಲ್ಲ ಅವರು ಬೈಕಿನ ಮೇಲೆಯೇ ಇರುತ್ತಾರೆ. ನಮ್ಮಲ್ಲಿ ಬಿಷಪ್ಪರಿಲ್ಲ. ಇಂಥವನನ್ನು ಇಂಥ ಕೆಲಸಕ್ಕೆ ಹಾಕಿ ಎಂದು ಮೇಲಿನಿಂದ ಕಾಗದ ಬರುವುದಿಲ್ಲ. ದೀಕ್ಷಾಸ್ನಾನವಾದವರಿಗೆ, ಅಂದರೆ ಬುದ್ಧಿ ಬಂದ ಮೇಲೆ ನೀರಿನಲ್ಲಿ ಪೂರ್ತಿ ಮುಳುಗಿ ಎದ್ದವರಿಗೆಲ್ಲ, ಒಂದೊಂದು ಓಟು. ನನ್ನನ್ನು ಮುಳುಗಿಸಿದ್ದು ಕಡಬದ ಕೆರೆಯಲ್ಲಿ. ಆ ವರ್ಷ ಅಂಚಿನಲ್ಲಿ ಮೊಣಕಾಲುದ್ದ ನೀರಷ್ಟೇ ಇದ್ದದ್ದರಿಂದ ಹಳೆಯ ಪಾಸ್ಟರು ನನ್ನನ್ನು ಸ್ವಲ್ಪ ಹೊತ್ತು ಒತ್ತಿ ಹಿಡಿಯಬೇಕಾಯಿತು. ಮೂಗಿನಲ್ಲಿ ಕೆಸರು ಹೋದರೂ ಓಟು ಬಂತು. ಹೀಗೆ ಓಟು ಪಡೆದವರು ಜಮಖಾನದ ಮೇಲೆ ಕೂತು ಕೈ ಎತ್ತಿದರೆ ಅದೇ ತೀರ್ಮಾನ. ಆದ್ದರಿಂದ ನಮ್ಮಲ್ಲಿ ಮೇಲೆ ಬರಬೇಕೆನ್ನುವವನು ದೇವರ ಜೊತೆಗೆ ಪಕ್ಕದ ಮನೆ ಆಂಟಿಯನ್ನೂ ಒಪ್ಪಿಸಬೇಕಾಗುತ್ತದೆ. ಇವರಿಬ್ಬರಲ್ಲಿ ಆಂಟಿ ಹೆಚ್ಚು ಕಷ್ಟ.

ಆಗ ನನಗೆ ಇಪ್ಪತ್ತೆಂಟು. ತುಮಕೂರಿನ ಒಂದು ಹೈಸ್ಕೂಲಿನಲ್ಲಿ ಇಂಗ್ಲಿಷ್ ಮೇಷ್ಟ್ರು. ಸದಾಶಿವನಗರದಲ್ಲಿ ಮಹಡಿಯ ಮೇಲೊಂದು ಬಾಡಿಗೆ ಮನೆ. ಹೊರಗಿನಿಂದ ನೋಡಿದರೆ ಯಾವ ಕೊರತೆಯೂ ಇಲ್ಲದ ಮನುಷ್ಯ. ಒಳಗೆ ಒಂದೇ ಒಂದು ಆಸೆ ಹತ್ತು ವರ್ಷದಿಂದ ಕೂತಿತ್ತು: ಪಾಸ್ಟರ್ ಆಗಬೇಕು. ಅದಕ್ಕೆ ಬೈಬಲ್ ಕಾಲೇಜಿಗೆ ಹೋಗಬೇಕು. ಕಾಲೇಜಿಗೆ ಸೇರಬೇಕಾದರೆ ಸಭೆಯ ಶಿಫಾರಸು ಪತ್ರ ಬೇಕು. ಮೂರು ಊರಿಗೂ ಸೇರಿ ಅಪರೂಪಕ್ಕೊಂದು ಪತ್ರ ಹೊರಡುತ್ತಿತ್ತು, ಅದು ಯೌವನಸ್ಥರ ಸಂಘದ ಅಧ್ಯಕ್ಷನಾಗಿದ್ದವನ ಹೆಸರಿಗೇ ಹೊರಡುವುದು ವಾಡಿಕೆ. ಸಂಘದ ನಿಯಮದ ಪ್ರಕಾರ ಯೌವನವು ಮೂವತ್ತಕ್ಕೆ ಮುಗಿಯುತ್ತದೆ. ಅಧ್ಯಕ್ಷರನ್ನು ಆರಿಸುವುದು ಜನವರಿಯ ವಾರ್ಷಿಕ ಕೂಟದಲ್ಲಿ. ನನಗೆ ಎರಡು ಜನವರಿಗಳು ಉಳಿದಿದ್ದವು.

ಆದರೆ ಆಸೆಯನ್ನು ಬಾಯಿಬಿಟ್ಟು ಹೇಳುವ ಹಾಗಿರಲಿಲ್ಲ. ಹೇಳಿದರೆ ಅಹಂಕಾರ. ನಮ್ಮ ಪೀಳಿಗೆಯ ಐದಾರು ಜನ ಹೇಳದೆಯೇ ತಿಳಿಸುವ ಶಾಸ್ತ್ರದಲ್ಲಿ ಚೆನ್ನಾಗಿ ಪಳಗಿದ್ದೆವು. ಔತಣದಲ್ಲಿ ಕಡೆಯ ಜಾಗದಲ್ಲಿ ಕೂತವನನ್ನು ಮೇಲಕ್ಕೆ ಕರೆಯುತ್ತಾರೆ ಎಂಬ ಉಪದೇಶವನ್ನು ಚಿಕ್ಕಂದಿನಿಂದ ಕೇಳಿದ್ದರಿಂದ ಭಾನುವಾರ ಕಡೆಯ ಬೆಂಚಿಗೆ ಭಾರಿ ಪೈಪೋಟಿ. ಒಂಬತ್ತೂವರೆಯ ಆರಾಧನೆಗೆ ನಾನು ಒಂಬತ್ತಕ್ಕೇ ಹೋಗಿ ಗೋಡೆಗೆ ಒರಗಿ ಕೂರುತ್ತಿದ್ದೆ. ಒಂದು ವಾರ ಇನ್ನೊಬ್ಬ ಎಂಟೂಮುಕ್ಕಾಲಿಗೇ ಬಂದು ಆ ಜಾಗ ಹಿಡಿದಿದ್ದ. ಅವನ ಅಹಂಕಾರ ಕಂಡು ನನಗೆ ಬಹಳ ನೋವಾಯಿತು. ಮುಂದಿನ ಮೂರು ಬೆಂಚುಗಳು ಸದಾ ಖಾಲಿ. ಪಾಸ್ಟರ ಪ್ರಸಂಗವನ್ನು ಮೊದಲು ಕೇಳಿಸಿಕೊಳ್ಳುತ್ತಿದ್ದದ್ದು ಆ ಮರದ ಹಲಗೆಗಳು.

ಸಂಘಕ್ಕೊಂದು ವಾಟ್ಸಾಪ್ ಗ್ರೂಪೂ ಇತ್ತು. ನಾನು ಸಭಾಮಂದಿರದ ಕಸ ಗುಡಿಸುತ್ತಿರುವ ಫೋಟೊ ಒಂದು ಅದರಲ್ಲಿ ಬಂತು; ಕೆಳಗೆ ‘ಎಲ್ಲ ಮಹಿಮೆ ಕರ್ತರಿಗೆ’ ಎಂದು ಬರೆದಿತ್ತು. ಬರೆದವನು ನಾನು. ತೆಗೆದವನೂ ನಾನೇ. ಫೋನನ್ನು ಕಿಟಕಿಗೆ ಒರಗಿಸಿ, ಹತ್ತು ಸೆಕೆಂಡಿನ ಟೈಮರ್ ಇಟ್ಟು, ಓಡಿಹೋಗಿ ಪೊರಕೆ ಹಿಡಿದು ಬಾಗಿದ್ದೆ. ನಾಲ್ಕು ಸಲ ತೆಗೆಯಬೇಕಾದ್ದರಿಂದ ಅಂದು ಗುಡಿಸಿದ್ದು ಒಂದು ಮೂಲೆಯಷ್ಟೇ ಆಯಿತು.

ಇನ್ನು ಅಧ್ಯಕ್ಷರನ್ನು ಆರಿಸುವ ಕ್ರಮ. ಯಾವ ಪುಸ್ತಕದಲ್ಲೂ ಬರೆದಿಲ್ಲ, ಆದರೆ ಎಲ್ಲರಿಗೂ ಬರುತ್ತಿತ್ತು. ಹಿರಿಯರೊಬ್ಬರು ಹೆಸರು ಸೂಚಿಸುತ್ತಾರೆ. ಹೆಸರಿನವನು ಎದ್ದು, ತಾನು ಯೋಗ್ಯನಲ್ಲ, ಬೇರೆಯವರನ್ನು ನೋಡಿ ಅನ್ನಬೇಕು. ನೀವೇ ಆಗಬೇಕು ಎಂದು ಇನ್ನೊಬ್ಬರು ಒತ್ತಾಯಿಸುತ್ತಾರೆ. ಎರಡನೆಯ ಸಲ ಬೇಡ ಅನ್ನಬೇಕು. ಮತ್ತೆ ಒತ್ತಾಯ. ಮೂರನೆಯ ಸಲ ಗಂಟಲು ಸ್ವಲ್ಪ ಕಟ್ಟಿದವರಂತೆ ಬೇಡ ಅನ್ನಬೇಕು. ಆಗ ಪಾಸ್ಟರು ‘ಸಭೆಯ ಮಾತಿಗೆ ತಲೆಬಾಗಿ ಬ್ರದರ್’ ಅನ್ನುತ್ತಾರೆ. ತಲೆಬಾಗಿದರೆ ಚಪ್ಪಾಳೆ. ಒಂದೇ ಮಾತಿಗೆ ಒಪ್ಪಿಕೊಂಡವನನ್ನು ನಮ್ಮ ಇತಿಹಾಸ ಕಂಡಿರಲಿಲ್ಲ. ಮೂರು ಸಲ ಅತ್ತು ಆಮೇಲೆ ಆರು ವರ್ಷ ಕುರ್ಚಿ ಬಿಡದವರನ್ನು ಕಂಡಿತ್ತು.

ನನ್ನ ಹೆಸರು ಸೂಚಿಸಲು ಗುಬ್ಬಿಯ ದೊಡ್ಡಮ್ಮ ಒಪ್ಪಿದ್ದರು. ನನ್ನ ತಾಯಿಯ ಅಕ್ಕ. ನರ್ಸ್ ಕೆಲಸದಿಂದ ನಿವೃತ್ತರಾದವರು. ಊರಿನ ಅರ್ಧ ಜನಕ್ಕೆ ಸೂಜಿ ಚುಚ್ಚಿದ್ದರಿಂದ ಯಾರಿಗೂ ಹೆದರದವರು.

“ಏನ್ಲಾ, ನಿಂಗೆ ಅದು ಬೇಕಾ?” ಎಂದು ಕೇಳಿದ್ದರು.

“ದೇವರ ಚಿತ್ತ ದೊಡ್ಡಮ್ಮ,” ಅಂದೆ.

“ದೇವ್ರನ್ನ ನಾನು ಆಮೇಲ್ ಕೇಳ್ಕೊಳ್ತೀನಿ. ನಿಂಗೆ ಬೇಕಾ ಬ್ಯಾಡ್ವಾ?”

“ನೀವು ಹೇಗೆ ಹೇಳಿದರೆ ಹಾಗೆ.”

“ಥೂ, ನೆಟ್ಟಗೆ ಒಂದ್ ಮಾತ್ ಬರಲ್ವಲ್ಲೋ ನಿನ್ನ ಬಾಯಾಗೆ. ಬುಡು, ಹೇಳ್ತೀನಿ.”

ಮೂರು ನಿರಾಕರಣೆಗಳನ್ನು ನಾನು ಬರೆದು ಸಿದ್ಧಪಡಿಸಿದೆ. ಮೊದಲನೆಯದು ಸರಳ. ಎರಡನೆಯದರಲ್ಲಿ ನನ್ನ ದೋಷಗಳ ಪಟ್ಟಿ. ಹೇಳಿಕೊಳ್ಳಲು ಅಂದವಾಗಿರುವ ದೋಷಗಳನ್ನೇ ಆರಿಸಿಕೊಂಡಿದ್ದೆ. ಮೂರನೆಯದು ಎಲ್ಲಕ್ಕಿಂತ ಚೆನ್ನಾಗಿತ್ತು. ಬೆಳಿಗ್ಗೆ ಗಡ್ಡ ಮಾಡಿಕೊಳ್ಳುವಾಗ ಕನ್ನಡಿಯ ಮುಂದೆ ಅದನ್ನು ಹೇಳಿಕೊಂಡರೆ ಕೆಲವು ದಿನ ನನಗೇ ಕಣ್ಣು ತುಂಬುತ್ತಿತ್ತು.

ಒಂದನ್ನು ಮಾತ್ರ ನಾನು ಗಮನಿಸಲಿಲ್ಲ. ಹಳೆಯ ಪಾಸ್ಟರು ನಿವೃತ್ತರಾಗಿ, ಕೋಲಾರದ ಕಡೆಯಿಂದ ಹೊಸಬರು ಬಂದು ಒಂದೂವರೆ ತಿಂಗಳಾಗಿತ್ತಷ್ಟೆ. ಮಾತು ಕಡಿಮೆ. ಹೇಳಿದ್ದನ್ನು ಹೇಳಿದ ಹಾಗೆಯೇ ತೆಗೆದುಕೊಳ್ಳುವ ಅಪಾಯಕಾರಿ ಅಭ್ಯಾಸ ಅವರಿಗಿತ್ತು. ಒಂದು ಬೆಳಿಗ್ಗೆ ಅವರು ನಮ್ಮ ಮನೆಗೆ ಬಂದಾಗ ಇನ್ನೊಂದು ದೋಸೆ ಹಾಕಲೇ ಎಂದೆ. ಸಾಕು ಎಂದರು. ನಮ್ಮ ಕಡೆ ಸಾಕು ಎಂದರೆ ಹಾಕು ಎಂದೇ ಅರ್ಥವಾದ್ದರಿಂದ ಹಾಕಿದೆ. ಅವರು ಆ ದೋಸೆಯನ್ನು ಮುಟ್ಟದೆ, ಬೇಸರವನ್ನೂ ತೋರಿಸದೆ, ಎದ್ದು ಕೈ ತೊಳೆದರು. ಅಲ್ಲೇ ನನಗೆ ತಿಳಿಯಬೇಕಿತ್ತು. ನಾನು ಆ ದೋಸೆಯನ್ನು ತಿಂದು ಸುಮ್ಮನಾದೆ.

ಆ ವರ್ಷದ ಕೂಟ ಗುಬ್ಬಿಯಲ್ಲಿ. ಸಿಮೆಂಟ್ ಶೀಟಿನ ಸಭಾಮಂದಿರ, ಎರಡು ಫ್ಯಾನು, ಹಿತ್ತಲಿನಿಂದ ಚಿಕನ್ ಪಲಾವಿನ ಘಮ. ವರದಿಗಳೆಲ್ಲ ಮುಗಿದ ಮೇಲೆ ದೊಡ್ಡಮ್ಮ ಕೂತಲ್ಲಿಂದಲೇ ನನ್ನ ಹೆಸರು ಹೇಳಿದರು. ನಾನು ಕಡೆಯ ಸಾಲಿನಿಂದ ನಿಧಾನವಾಗಿ ಎದ್ದೆ, ಮೈಕು ಕೈಗೆ ಬರುವವರೆಗೆ ಕಾದೆ, ಮೊದಲನೆಯ ನಿರಾಕರಣೆಯನ್ನು ಒಪ್ಪಿಸಿದೆ. ಚೆನ್ನಾಗಿ ಬಂತು.

ಪಾಸ್ಟರು ನನ್ನನ್ನೇ ನೋಡುತ್ತ, “ನಿಜವಾಗಿಯೂ ಬೇಡವೇ ಬ್ರದರ್?” ಎಂದು ಕೇಳಿದರು.

ಇದನ್ನು ನಾನು ಕ್ರಮದ ಪ್ರಕಾರ ಬಂದ ಒತ್ತಾಯವೆಂದೇ ತಿಳಿದೆ. ಎರಡನೆಯದನ್ನು ಹೇಳಿದೆ. ದೋಷಗಳ ಪಟ್ಟಿ ಕೇಳಿ ಹೆಂಗಸರು ಲೊಚಗುಟ್ಟಿದರು. ಯಾರೋ “ಇಲ್ಲ, ಇಲ್ಲ, ಅವರೇ ಆಗ್ಬೇಕು” ಎಂದು ಶುರು ಮಾಡಿದರು. ನಾನು ಮೂರನೆಯದಕ್ಕೆ ಉಸಿರೆಳೆದುಕೊಂಡೆ.

ಪಾಸ್ಟರು ಕೈ ಎತ್ತಿ ಅವರನ್ನು ತಡೆದರು. “ಒತ್ತಾಯ ಮಾಡಬಾರದು. ಸಹೋದರರು ಎರಡು ಸಲ ಸ್ಪಷ್ಟವಾಗಿ ಹೇಳಿದ್ದಾರೆ. ಇಷ್ಟು ಪ್ರಾಮಾಣಿಕವಾಗಿ ತಮ್ಮನ್ನು ತಿಳಿದುಕೊಂಡವರನ್ನು ನಾನು ನೋಡಿಲ್ಲ. ಅವರಿಗಾಗಿ ದೇವರಿಗೆ ಸ್ತೋತ್ರ ಹೇಳೋಣ.” ಕಣ್ಣು ಮುಚ್ಚಿ ಚಿಕ್ಕದಾಗಿ ಪ್ರಾರ್ಥಿಸಿದರು. ಕಣ್ಣು ತೆರೆದು ಕಾರ್ಯದರ್ಶಿಯ ಕಡೆ ತಿರುಗಿ, “ಒಪ್ಪಲಿಲ್ಲ ಎಂದು ಬರೆದುಕೊಳ್ಳಿ,” ಎಂದರು.

ಕಾರ್ಯದರ್ಶಿ ಮೂವತ್ತು ವರ್ಷದಿಂದ ನಮ್ಮ ನಡಾವಳಿ ಬರೆಯುತ್ತಿದ್ದವರು. ಪೆನ್ನನ್ನು ಎತ್ತಿ ಹಿಡಿದು ನನ್ನ ಮುಖ ನೋಡಿದರು. ಏನಾದರೂ ಹೇಳುವುದಿದ್ದರೆ ಈಗಲೇ ಹೇಳಪ್ಪ ಎಂಬಂಥ ನೋಟ. ಬೇಕು ಎಂದಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಇಡೀ ಮಂದಿರ ಆ ಗಳಿಗೆಯಲ್ಲಿ ನನ್ನನ್ನು ಅಂಥ ಮೆಚ್ಚುಗೆಯಿಂದ ನೋಡುತ್ತಿತ್ತು. ಹತ್ತು ವರ್ಷ ಕಡೆಯ ಬೆಂಚಿನಲ್ಲಿ ಕೂತರೂ ಅಷ್ಟು ಮೆಚ್ಚುಗೆ ಸಿಕ್ಕಿರಲಿಲ್ಲ. ಅದನ್ನು ಬಿಟ್ಟುಕೊಡಲು ಮನಸ್ಸು ಬರಲಿಲ್ಲ. ಕೂತೆ. ಪೆನ್ನು ಬರೆಯಿತು.

ಬೇರೆ ಯಾರು ಎಂದು ಪಾಸ್ಟರು ಕೇಳಿದಾಗ ಕುಣಿಗಲ್ಲಿನ ಹೆಂಗಸೊಬ್ಬರು ಒಬ್ಬ ಯುವಕನ ಹೆಸರು ಹೇಳಿದರು. ಹೈವೇ ಪಕ್ಕದಲ್ಲಿ ಪಂಕ್ಚರ್ ಅಂಗಡಿ ಇಟ್ಟಿದ್ದವನು, ಇಪ್ಪತ್ತನಾಲ್ಕು ವಯಸ್ಸು, ಎಷ್ಟು ತಿಕ್ಕಿದರೂ ಉಗುರಿನ ಕಪ್ಪು ಹೋಗದು. ತಡವಾಗಿ ಬಂದು ಜಾಗವಿಲ್ಲದೆ ಮುಂದಿನ ಸಾಲಿನಲ್ಲಿ ಕೂತಿದ್ದ. ಎದ್ದು ನಿಂತ. ಮೈಕು ಕೊಡಹೋದರೆ ಬೇಡ ಅಂದ.

“ನಂಗೆ ಆಸೆ ಐತೆ ಅಯ್ನೋರೆ. ಮಾಡ್ತೀನಿ. ಗೊತ್ತಿಲ್ದಿರೋದ್ನ ಕೇಳ್ಕೊಂಡ್ ಮಾಡ್ತೀನಿ.”

ಒಬ್ಬ ಹಿರಿಯರು ಕೆಮ್ಮಿದರು. ನಮ್ಮ ಕಡೆ ಇಂಥ ಮಾತನ್ನು ಹೀಗೆ ಹಾಡುಹಗಲಿನಲ್ಲಿ ಯಾರೂ ಆಡಿರಲಿಲ್ಲ. ವಾಡಿಕೆಯಂತೆ ಅವನನ್ನು ಹೊರಗೆ ಕಳಿಸಿ ಕೈ ಎತ್ತಿಸಿದರು. ಬೇರೆ ಹೆಸರೇ ಇಲ್ಲದ್ದರಿಂದ ಎಲ್ಲರೂ ಎತ್ತಿದರು. ಜನ ನೋಡುತ್ತಿದ್ದರಾದ್ದರಿಂದ ನಾನು ಎಲ್ಲರಿಗಿಂತ ಎತ್ತರಕ್ಕೆ ಎತ್ತಿದೆ.

ಊಟದ ಹೊತ್ತಿಗೆ ಒಬ್ಬೊಬ್ಬರೇ ಬಂದು ನನ್ನ ಕೈ ಕುಲುಕಿದರು. “ಎಂಥಾ ತಗ್ಗಿದ ಮನಸ್ಸು ಬ್ರದರ್ ನಿಮ್ದು,” ಎಂದು ಒಬ್ಬರ ಕಣ್ಣೇ ಒದ್ದೆಯಾಯಿತು. ದೊಡ್ಡಮ್ಮ ಪಲಾವಿನ ಬಕೆಟ್ಟು ಹಿಡಿದು ಬಂದರು. ನಾನು ಅಭ್ಯಾಸಬಲದಿಂದ ಎಲೆಯ ಮೇಲೆ ಕೈ ಅಡ್ಡ ಹಿಡಿದೆ.

“ಬ್ಯಾಡ ಗೀಡ ಅಂದೀಯ, ಹುಷಾರು,” ಎಂದರು ದೊಡ್ಡಮ್ಮ. “ಅಯ್ನೋರು ಇಲ್ಲೇ ಅವ್ರೆ.”

ಮರುವಾರ ನಾನು ಮತ್ತೆ ಗುಬ್ಬಿಗೆ ಹೋದೆ. ನಡಾವಳಿಯನ್ನು ಮುಂದಿನ ಕೂಟದಲ್ಲಿ ಓದಿ ತಿದ್ದುಪಡಿ ಏನಾದರೂ ಇದೆಯೇ ಎಂದು ಕೇಳುವುದುಂಟಲ್ಲ. ಅಲ್ಲಿ ದೊಡ್ಡಮ್ಮ ಎದ್ದು ಒಂದು ಮಾತು ಹೇಳಿದರೆ ಹೇಗೆ ಎಂದು ಸುತ್ತಿ ಬಳಸಿ ಕೇಳಿದೆ.

“ಏನಂತ ತಿದ್ದೋದು?”

“ನಾನು ಹೇಳಿದ್ದು ಆ ಅರ್ಥದಲ್ಲಿ ಅಲ್ಲ ಅಂತ...”

“ಬ್ಯಾಡ ಅಂದೆ, ಬ್ಯಾಡ ಅಂದ ಅಂತ ಬರ್ಕೊಂಡ್ರು. ಇದ್ರಾಗೆ ತಪ್ಪು ಎಲ್ಲೈತ್ಲಾ?” ಅವರು ಅವರೆಕಾಯಿ ಬಿಡಿಸುವುದನ್ನು ನಿಲ್ಲಿಸಲೂ ಇಲ್ಲ. ನನಗೂ ಒಂದು ಹಿಡಿ ಕೊಟ್ಟು ಬಿಡಿಸು ಎಂದರು. ಬಿಡಿಸಿದೆ.

ಅದೇ ತಿಂಗಳ ಒಂದು ಶನಿವಾರ ಮಧ್ಯಾಹ್ನ ನಾನು ಸ್ಕೂಲಿನಿಂದ ಬಂದರೆ ಮೆಟ್ಟಿಲ ಮೇಲೆ ಹೊಸ ಅಧ್ಯಕ್ಷ ಕೂತಿದ್ದ. ಕುಣಿಗಲ್ಲಿನಿಂದ ಬೈಕಿನಲ್ಲಿ ಬಂದಿದ್ದ. ಪಾಸ್ಟರು ಅವನನ್ನು ಕರೆದು, ಈ ವರ್ಷ ಪತ್ರ ಕೊಡಲಾಗದು, ಕಾಲೇಜಿನವರು ಪಿಯುಸಿ ಕೇಳುತ್ತಾರೆ, ನಿನ್ನದು ಇಂಗ್ಲಿಷ್ ಉಳಿದುಕೊಂಡಿದೆ, ಮುಂದಿನ ಜನವರಿಯಲ್ಲಿ ಯಾರು ಅಧ್ಯಕ್ಷರಾಗಿರುತ್ತಾರೋ ಅವರಿಗೆ ಕೊಡೋಣ ಎಂದಿದ್ದರಂತೆ.

“ಅಣ್ಣ, ನಂಗೆ ಇಂಗ್ಲಿಷ್ ಹೇಳ್ಕೊಡಿ. ಎರಡ್ ಸಲ ಡುಮ್ಕಿ ಹೊಡ್ದಿದೀನಿ.”

ನಾನು ಅವನಿಗೆ ನೀರು ಕೊಟ್ಟೆ. ನೀರು ಕುಡಿದು ಲೋಟ ಇಟ್ಟು ಅವನು ಕೇಳಿದ: “ಅಣ್ಣ, ಒಂದ್ ಮಾತು. ಆವತ್ತು ನಿಮ್ಗೆ ಬೇಕಾಗಿತ್ತಾ?”

ದೇವರ ಚಿತ್ತ ಎಂಬ ಮಾತು ನಾಲಗೆಯ ತುದಿಗೆ ಬಂದಿತ್ತು. ಯಾಕೋ ಹೇಳಲಾಗಲಿಲ್ಲ. “ಬೇಕಾಗಿತ್ತು,” ಅಂದೆ.

“ಮತ್ತೆ ಬ್ಯಾಡ ಅಂದ್ರಲ್ಲ?”

“ನಮ್ಮಲ್ಲಿ ಹಾಗೇ ಕಣೋ ಹೇಳೋದು.”

ಅವನು ಲೋಟವನ್ನು ಗೋಡೆಯ ಬದಿಗೆ ಸರಿಸಿದ. ಬಿಟ್ಟುಕೊಡುತ್ತೇನೆ ಅನ್ನುತ್ತಾನೇನೋ ಎಂದು ನಾನು ಕಾದದ್ದು ನಿಜ. ಅದಕ್ಕೆ ಒಂದು ಸಣ್ಣ ನಿರಾಕರಣೆಯನ್ನೂ ಮನಸ್ಸಿನಲ್ಲೇ ಜೋಡಿಸಿಕೊಂಡಿದ್ದೆ.

“ಹಂಗಾದ್ರೆ ಮುಂದಿನ್ ಸಲ ನಿಂತ್ಕೊಳ್ಳಿ ಅಣ್ಣ,” ಅಂದ. “ಆದ್ರೆ ನಾನೂ ಬುಟ್ಕೊಡಲ್ಲ. ನಂಗೂ ಬೇಕು.”

ಅವನಿಗೆ ಇಂಗ್ಲಿಷ್ ಬಾರದಿದ್ದರೆ ಪತ್ರ ಅವನಿಗೆ ಹೋಗುವಂತಿಲ್ಲ, ಕಲಿಸಬೇಕಾದವನು ನಾನು. ಸೈತಾನನು ಸಾಮಾನ್ಯವಾಗಿ ಇಷ್ಟು ಸ್ಪಷ್ಟವಾಗಿ ಲೆಕ್ಕ ಬರೆದುಕೊಡುವುದಿಲ್ಲ. ಮೊದಲ ಎರಡು ಶನಿವಾರ ನಾನು ಪಾಠವನ್ನು ಬೇಕೆಂತಲೇ ಎಳೆದೆ. ವ್ಯಾಕರಣದ ಚರಿತ್ರೆ ಹೇಳಿದೆ. ಅವನು ಅದನ್ನೂ ಬರೆದುಕೊಂಡ. ಮೂರನೆಯ ವಾರ ಹೇಳಿದ್ದನ್ನೆಲ್ಲ ಬಾಯಿಪಾಠ ಮಾಡಿಕೊಂಡು ಬಂದು, “ಇದ್ರಾಗೆ ಯಾವ್ದಣ್ಣ ಪರೀಕ್ಷೆಗೆ ಬರೋದು?” ಎಂದು ಕೇಳಿದಾಗ ನನಗೆ ನಾಚಿಕೆಯಾಯಿತು. ಅಂದಿನಿಂದ ಸರಿಯಾಗಿ ಕಲಿಸಿದೆ. ದೊಡ್ಡ ಮನಸ್ಸಿನಿಂದೇನಲ್ಲ. ಮೇಷ್ಟ್ರಾಗಿದ್ದವನಿಗೆ ಎದುರಿಗೆ ಕೂತವನು ತಪ್ಪು ಬರೆದರೆ ಕೈ ತಡೆಯುವುದಿಲ್ಲ. ನನ್ನ ವ್ಯಾಕರಣ ಪುಸ್ತಕದ ಪುಟಗಳ ತುಂಬ ಟೈರಿನ ಕಪ್ಪು ಹತ್ತಿತು. ಸಪ್ಲಿಮೆಂಟರಿಯಲ್ಲಿ ಅವನು ಪಾಸಾದ. ಮಾರ್ಕ್ಸ್ ಕಾರ್ಡಿನ ಫೋಟೊ ಮೊದಲು ಕಳಿಸಿದ್ದು ನನಗೆ. ಸಂತೋಷವಾಯಿತು, ಎಷ್ಟು ಸಂತೋಷವಾಯಿತು ಎಂದು ನೋಡಿ ಸ್ವಲ್ಪ ಗಾಬರಿಯೂ ಆಯಿತು.

ಮುಂದಿನ ಜನವರಿಗೆ ಕೂಟ ಕುಣಿಗಲ್ಲಿನಲ್ಲಿ. ನನಗೆ ಇಪ್ಪತ್ತೊಂಬತ್ತು, ಇದೇ ಕಡೆಯದು. ಹಿಂದಿನ ದಿನ ಫೋನು ಮಾಡಿ ದೊಡ್ಡಮ್ಮನಿಗೆ, “ನನಗೆ ಬೇಕು,” ಎಂದೆ.

“ಅಬ್ಬಾ, ಬಂತಾ ಬಾಯಿ! ಹೆಸ್ರು ಹೇಳ್ತೀನಿ. ಗೆಲ್ಸೋದು ನನ್ನ ಕೈಯಾಗಿಲ್ಲ.”

ಹೇಳಿದರು. ನಾನು ಎದ್ದೆ. ಬರೆದುಕೊಂಡು ಹೋಗಿರಲಿಲ್ಲ. “ನನಗೆ ಆಸೆ ಇದೆ. ಪಾಸ್ಟರ್ ಆಗಬೇಕೆಂದಿದೆ. ಅಧ್ಯಕ್ಷನಾದರೆ ಕೆಲಸ ಮಾಡುತ್ತೇನೆ,” ಎಂದು ಹೇಳಿ ಕೂತೆ. ಸ್ವರ ಸ್ವಲ್ಪ ನಡುಗಿತು. ಈ ಸಲ ಅಭ್ಯಾಸ ಮಾಡಿಕೊಂಡ ನಡುಕವಲ್ಲ. ಕಳೆದ ವರ್ಷ ನನ್ನ ಕೈ ಕುಲುಕಿ ಕಣ್ಣು ಒದ್ದೆ ಮಾಡಿಕೊಂಡಿದ್ದವರು ಪಕ್ಕದವರ ಕಿವಿಯಲ್ಲಿ ಏನೋ ಹೇಳಿದರು. ನನಗೆ ಕೇಳಿಸುವಷ್ಟು ಜೋರಾಗಿಯೇ ಹೇಳಿದರು: “ಹಿಂಗಿರ್ಲಿಲ್ಲ ಈ ಮನುಷ್ಯ.” ಪಂಕ್ಚರ್ ಅಂಗಡಿಯವನು ಕಳೆದ ಸಲ ಹೇಳಿದ್ದನ್ನೇ ಅಷ್ಟೇ ಮಾತಿನಲ್ಲಿ ಹೇಳಿದ.

ಇಬ್ಬರನ್ನೂ ಹೊರಗೆ ಕಳಿಸಿ ಬಾಗಿಲು ಮುಂದಕ್ಕೆ ಮಾಡಿದರು. ಅಂಗಳದಲ್ಲಿ ಎಲ್ಲರ ಚಪ್ಪಲಿಗಳ ರಾಶಿಯ ಪಕ್ಕ ನಿಂತೆವು.

“ಭಯ ಆಯ್ತೈತೆ ಅಣ್ಣ,” ಅಂದ ಅವನು.

“ಸೋಲ್ತೀನಿ ಅಂತಲಾ?”

“ಗೆದ್ರೆ ಕಾಲೇಜಿಗೆ ಹೋಗ್ಬೇಕಲ್ಲ. ಅಲ್ಲಿ ಎಲ್ಲಾ ಓದಿರೋರೇ ಇರ್ತಾರೆ. ಪಂಕ್ಚರ್ ಹಾಕೋನು ಏನ್ ಮಾತಾಡ್ಲಿ?”

“ಕೇಳಿದ್ದಕ್ಕೆ ಉತ್ತರ ಹೇಳು. ಅವರು ಗಾಬರಿಯಾಗ್ತಾರೆ.”

ಅವನು ನಕ್ಕ. ಆಮೇಲೆ ಇಬ್ಬರೂ ಸುಮ್ಮನೆ ಕಣ್ಣು ಮುಚ್ಚಿ ನಿಂತೆವು. ನಾನು ದೇವರಲ್ಲಿ ಬೇಡಿಕೊಂಡದ್ದು ನಾನೇ ಗೆಲ್ಲಲಿ ಎಂದು. ಅವನೇನು ಬೇಡಿಕೊಂಡ ಎಂದು ಆಮೇಲೆ ಕೇಳಿದೆ; ಅವನೂ ಅದನ್ನೇ, ತನ್ನ ಪರವಾಗಿ. ಎರಡು ಅರ್ಜಿಗಳು ಒಂದೇ ಅಂಗಳದಿಂದ ಒಂದೇ ಹೊತ್ತಿಗೆ ಹೋಗಿದ್ದವು. ಅಲ್ಲಿ ಮೇಲೆ ಸ್ವಲ್ಪ ಮುಜುಗರವಾಗಿರಬೇಕು.

ಕಾರ್ಯದರ್ಶಿ ಬಾಗಿಲು ತೆರೆದು ನಮ್ಮನ್ನು ಒಳಗೆ ಕರೆದರು. ನನಗೆ ಎದ್ದ ಕೈಗಳು ಹದಿನೇಳು, ಅವನಿಗೆ ಇಪ್ಪತ್ತೊಂಬತ್ತು. ಮಾರ್ಚಿನಲ್ಲಿ ಶಿಫಾರಸು ಪತ್ರ ಅವನ ಹೆಸರಿಗೆ ಹೋಯಿತು, ಜೂನಿನಲ್ಲಿ ಅವನು ಕಾಲೇಜು ಸೇರಿದ.